ಬೋರಾನ್ ನೀರು

ಅಕ್ಟೋಬರ್ ೬, ಸೋಮವಾರ
ಇವತ್ತೂ ಇಲಿಯ ರಕ್ತನಾಳ ಕತ್ತರಿಸಿ ಉಂಗುರಗಳನ್ನು ಗಾಜಿನ ತೊಟ್ಟಿಗೆ ಇಳಿಬಿಟ್ಟೆ. ಪೊಟ್ಯಾಸಿಯಂ ಹಾಕಿದೊಡನೆ ಸ್ನಾಯುಕೋಶಗಳ ಕ್ಯಾಲ್ಸಿಯಂ ಬಾಗಿಲು ತೆರೆಯಿತು, ಉಂಗುರ ಬಿಗಿಯಿತು. ನಮ್ಮ ಬೋರಾನ್ ಸಂಯುಕ್ತ ಹಾಕಿದೆ — ಸಡಿಲ. ಬಾಗಿಲು ಮುಚ್ಚಿತು, ನಾಳ ಸಡಿಲವಾಗಿ ಬಿಪಿ ಇಳಿಯುತ್ತದೆ ಅಂತ ಲೆಕ್ಕ.

ಪ್ರೊಫೆಸರ್ ಹಾಲುಕ್ — ನಮಗೆಲ್ಲ 'ಹೋಜಾ', ಅಂದರೆ ಗುರುಗಳು — ಚಹಾ ಲೋಟ ಹಿಡಿದೇ ಕುಣಿದರು. "ನಮ್ಮ ನೆಲದ ಉಪ್ಪು ಕಣಮ್ಮ ಸೆವಿಲಾಯ್ ಇದು! ನಾಳೆ ಪೇಪರ್‌ನೋರು ಬರ್ತಾರೆ, ಕೋಟು ಇಸ್ತ್ರಿ ಮಾಡ್ಕೊಂಡು ಬಾ."

"ಬೋರಾನ್ ಹಾಕದ ಉಂಗುರಾನೂ ಸ್ವಲ್ಪ ಸಡಿಲ ಆಗ್ತಿದೆ ಹೋಜಾ..."

"ಮುದಿ ಇಲಿ ಇರಬೇಕು, ಬಿಡು."

ಅಕ್ಟೋಬರ್ ೯
ಪೇಪರಿನಲ್ಲಿ ನನ್ನ ಫೋಟೋ. 'ಬಿಪಿಗೆ ನಮ್ಮದೇ ಬೋರಾನ್ ಮದ್ದು.' ನಮ್ಮೂರು ಕಿರ್ಕಾದಿಂದ ಅಮ್ಮನ ಫೋನ್. ಅಪ್ಪ ಅಲ್ಲಿನ ಬೋರಾನ್ ಗಣಿಯಲ್ಲೇ ಸವೆದು ಹೋದವರು. "ನಿಮ್ಮಪ್ಪ ಅಗೆದಿದ್ದು ದಂಡ ಆಗ್ಲಿಲ್ಲ ಕಣೇ" ಅಂತ ಅತ್ತಳು. ನನಗೂ ಹೆಮ್ಮೆಯಾಯಿತು. ಸುಳ್ಳು ಯಾಕೆ ಬರೆಯಲಿ.

ಅಕ್ಟೋಬರ್ ೨೧
ಗೊತ್ತಾಯಿತು. ತೊಟ್ಟಿ ತೊಳೆಯುವ ಪುಡಿ! ದೇಶದ ಬೋರಾನನ್ನು ನಾವೇ ಬಳಸದಿದ್ದರೆ ಇನ್ಯಾರು ಅಂತ ಹೋಜಾ ತಾವೇ ತರಿಸಿಟ್ಟ ಬೋರಾನ್ ಸೋಪಿನ ಪುಡಿ. ಅದರ ಜಿಡ್ಡು ಗಾಜಿಗೆ ಅಂಟಿಕೊಂಡು ಉಂಗುರಗಳನ್ನು ಹಾಳು ಮಾಡಿ ಸಡಿಲಿಸುತ್ತಿತ್ತು. ಇವತ್ತು ಆಸಿಡ್‌ನಲ್ಲಿ ತೊಳೆದು, ಶುದ್ಧ ನೀರಲ್ಲಿ ಜಾಲಾಡಿಸಿ ಮತ್ತೆ ಮಾಡಿದೆ. ಬೋರಾನ್ ಸಂಯುಕ್ತ ಹಾಕಿದರೂ ಉಂಗುರ ಅಲ್ಲಾಡಲಿಲ್ಲ. ಬಾಗಿಲು ತೆರೆದದ್ದು ತೆರೆದೇ ಇತ್ತು.

ಹೋಜಾಗೆ ತೋರಿಸಿದೆ. ಎದ್ದು ಹೋಗಿ ಕೋಣೆಯ ಬಾಗಿಲು ಹಾಕಿ ಬಂದರು.

"ಯಾರಿಗಾದ್ರೂ ಹೇಳಿದೀಯಾ?"

"ಇಲ್ಲ. ಪೇಪರ್‌ಗೆ ತಿದ್ದುಪಡಿ ಕಳಿಸ್ಬೇಕಲ್ವಾ?"

"ಡಾಕ್ಟರೇಟ್ ಬೇಕೋ ಬೇಡ್ವೋ ನಿಂಗೆ?"

ನಾಚಿಕೆಗೆಟ್ಟ ಮನುಷ್ಯ. ನಾನೇನು ಕಡಿಮೆ? ತಲೆ ತಗ್ಗಿಸಿ ಹೊರಗೆ ಬಂದೆ.

ಅಕ್ಟೋಬರ್ ೩೦
ಅಮ್ಮ ಬಿಪಿ ಮಾತ್ರೆ ಬಿಟ್ಟಿದ್ದಾಳೆ! ಪಕ್ಕದ ಮನೆಯವರು ಗಣಿಯಿಂದ ತಂದುಕೊಟ್ಟ ಬೋರಾನ್ ಪುಡಿಯನ್ನು ನೀರಿಗೆ ಕದಡಿ ಕುಡಿಯುತ್ತಿದ್ದಾಳಂತೆ. ಬೀದಿಯವರಿಗೂ ಹಂಚುತ್ತಿದ್ದಾಳಂತೆ.

"ಅದು ವಿಷ ಅಮ್ಮ! ಪೇಪರಲ್ಲಿ ಬಂದಿದ್ದು ತಪ್ಪು."

"ನಿನ್ನ ಫೋಟೋನೇ ಇದ್ಯಲ್ಲೇ?"

"ನಾನೇ ಹೇಳ್ತಿದೀನಿ, ತಪ್ಪು ಅಂತ!"

"ದೊಡ್ಡೋರು ಬೈದ್ರೇನೋ, ಹೆದರ್ಕೊಂಡಿದೀಯ. ನಿಮ್ಮ ಹೋಜಾ ಟೀವೀಲಿ ಬಂದು ಹೇಳ್ಲಿ ತಪ್ಪು ಅಂತ, ಆಗ ಬಿಡ್ತೀನಿ."

ಹೋಜಾ ಕಾಲಿಗೆ ಬೀಳುವುದೊಂದು ಬಾಕಿ. ಅಮ್ಮ ಮಾಡುತ್ತಿರುವುದನ್ನು ತಿಳಿಸಿ, ಟೀವೀಲಿ ತಪ್ಪು ಒಪ್ಪಿಕೊಳ್ಳಿ ಅಂತ ಹೇಳಿದೆ. "ನಿಮ್ಮಮ್ಮನ್ನ ಡಾಕ್ಟರ್ ಹತ್ರ ಕರ್ಕೊಂಡು ಹೋಗಮ್ಮ" ಅಂದು ಕನ್ನಡಕ ಒರೆಸಿಕೊಂಡರು. ನಾನೇ ಪೇಪರಿಗೆ ಬರೆದು ಕಳಿಸಿದೆ. ಹಾಳಾಗಲಿ ಡಾಕ್ಟರೇಟು.

ನವೆಂಬರ್ ೪
ಪೇಪರಿನವರು ಹಾಕಿಲ್ಲ. ಪ್ರೊಫೆಸರ್ ಸಹಿ ಬೇಕಂತೆ. ನಾಳೆ ಬೆಳಗಿನ ಬಸ್ಸಿಗೆ ಊರಿಗೆ ಹೋಗಿ ಆ ಪುಡಿಯನ್ನೆಲ್ಲ ಚೆಲ್ಲಿ ಬರಬೇಕು.

ನವೆಂಬರ್ ೮, ಕಿರ್ಕಾ
ನಾನು ಬಸ್ಸಿನಲ್ಲಿದ್ದಾಗಲೇ ಅಮ್ಮ ಅಡುಗೆಮನೆಯಲ್ಲಿ ಬಿದ್ದಿದ್ದಳು. ತಲೆಯಲ್ಲಿ ರಕ್ತನಾಳ ಒಡೆದಿದೆ. ಬಲಗೈ, ಬಲಗಾಲಿಗೆ ಸ್ವಾಧೀನ ಇಲ್ಲ. ಮಾತೂ ಇಲ್ಲ. ಆಸ್ಪತ್ರೆಯಲ್ಲಿ ತಮ್ಮ ತುಂಜಾಯ್ ಎಲ್ಲರೆದುರು ಕೇಳಿದ, "ನಿನ್ನ ಮದ್ದು ಕೆಲಸ ಮಾಡ್ತಲ್ಲ, ಖುಷೀನಾ ಅಕ್ಕ?" ಅಮ್ಮ ಎಡಗೈಯಲ್ಲಿ ನನ್ನ ಕೈ ಸವರಿದಳು. ಪಕ್ಕದ ಮಂಚದವಳಿಗೆ ನನ್ನ ತೋರಿಸಿ ನಗಲು ನೋಡಿದಳು. ಹೆಮ್ಮೆ. ಈಗಲೂ.

ಬಟ್ಟೆ ಒಯ್ಯಲು ಮನೆಗೆ ಬಂದೆ. ಫ್ರಿಜ್ಜಿನ ಮೇಲೆ ಪೇಪರಿನ ನನ್ನ ಫೋಟೋ ಅಂಟಿಸಿದ್ದಾಳೆ. ಮೇಜಿನ ಮೇಲೆ ಅವಳು ಕುಡಿದ ಲೋಟ, ತಳದಲ್ಲಿ ಬಿಳಿ ಗಸಿ. ತೊಳೆದಿಡೋಣ ಅಂತ ಸಿಂಕಿಗೆ ಹೋದೆ. ಅಲ್ಲಿ ತೊಳೆಯಲು ಇಟ್ಟದ್ದೂ ಲ್ಯಾಬಿನಲ್ಲಿದ್ದ ಅದೇ ಬೋರಾನ್ ಸೋಪಿನ ಪುಡಿ. ಲೋಟ ಕೈಯಲ್ಲೇ ಇದೆ, ಇದನ್ನು ನಾನು ಯಾವುದರಿಂದ ತೊಳೆಯಲಿ?