ಹನ್ನೆರಡು ಅಡಿ ಎತ್ತರದಿಂದ

ಅಕ್ಕನ ಮನೆ
ಮಂಗಳವಾರ ಸಂಜೆ

ತೊಂಬತ್ತು ಅಡಿ ಎತ್ತರದಲ್ಲಿರುವ ನಮ್ಮ ಯಜಮಾನರಿಗೆ, ಹನ್ನೆರಡು ಅಡಿಯಿಂದ ನಮಸ್ಕಾರ.

ಭಾನುವಾರದ ಹ್ಯಾಮ್ ರೇಡಿಯೋ ಸ್ಪರ್ಧೆಯಲ್ಲಿ ಹೆಚ್ಚು ಜನರನ್ನು ಸಂಪರ್ಕಿಸಿ ಹಲ್ಲಿನ ಡಾಕ್ಟರನ್ನು ಹಿಂದೆ ಹಾಕಿದಿರಂತೆ, ಅಭಿನಂದನೆ. ಅವರ ಆಂಟೆನಾ ಕಂಬ ನಿಮ್ಮದಕ್ಕಿಂತ ಎರಡಡಿ ಎತ್ತರವೆಂದು ನೀವು ಹಲ್ಲು ಕಡಿದದ್ದು ನೆನಪಿದೆ. ಆಮೇಲೆ ಮೂರು ಕಡ್ಡಿಯ ಆಂಟೆನಾ ಆರು ಕಡ್ಡಿಯದಾಯಿತು, ಕಂಬ ಎರಡು ಸಲ ಬೆಳೆಯಿತು. ನಮ್ಮ ಮನೆಯಲ್ಲಿ ಬೆಳೆದದ್ದು ಅದೊಂದೇ.

ಹೋದ ವರ್ಷ ಇದೇ ಸ್ಪರ್ಧೆಯ ಹಿಂದಿನ ದಿನ ನಾನು ಬಚ್ಚಲಲ್ಲಿ ಜಾರಿಬಿದ್ದು ಕೂಗಿದಾಗ ನೀವು ಕಂಬದ ತುದಿಯಲ್ಲಿ ಬೋಲ್ಟು ಬಿಗಿಯುತ್ತಿದ್ದಿರಿ. ನನ್ನನ್ನು ಎತ್ತಿದ್ದು ಪಕ್ಕದ ಮನೆಯಾಕೆ. ಆ ಕೋಪ ಇಳಿದು ಬಹಳ ದಿನವಾಯಿತು. ದಣಿವು ಮಾತ್ರ ಇಳಿಯಲೊಲ್ಲದು.

ಇಲ್ಲಿ ಮಹಡಿಯ ಕಿಟಕಿಯಿಂದ ಬಟ್ಟೆ ಒಣಹಾಕುವ ಕಂಬಕ್ಕೆ ಆಂಟೆನಾ ಎಂದು ಒಂದು ತಂತಿ ಎಳೆದುಕೊಂಡಿದ್ದೇನೆ. ಅಕ್ಕ ಅದರ ಮೇಲೆ ಟವೆಲ್ ಹಾಕುತ್ತಾಳೆ. ಎತ್ತರದ ಆಂಟೆನಾ ದನಿಯನ್ನು ದೂರದ ಖಂಡಕ್ಕೆ ಎಸೆಯುತ್ತದೆ, ನಡುವಿನ ಊರುಗಳನ್ನು ಹಾರಿಸಿಬಿಡುತ್ತದೆ. ತಗ್ಗಿನದು ಸುತ್ತಮುತ್ತಲಿನವರಿಗಷ್ಟೇ ಎಂದು ನನಗೆ ಕಲಿಸಿದವರು ನೀವೇ. ನಿಮ್ಮಿಂದ ಇಲ್ಲಿಗೆ ಬಸ್ಸಿನಲ್ಲಿ ಮೂರು ಗಂಟೆಯ ದಾರಿ. ನಾನು ಆ ನಡುವಿನವಳು.

ಭಾನುವಾರ ಬೆಳಗಿನಿಂದ ನಿಮ್ಮನ್ನು ಕರೆದೆ. ಸಂಜೆ ಐದಕ್ಕೆ ಕೇಳಿಸಿಕೊಂಡಿರಿ. ನನ್ನದು ಹೊಸ ಪರವಾನಗಿ, ಹೆಸರಿನ ಬದಲು ಹೇಳುವ ಸಂಕೇತವೂ ಹೊಸದು, ನಿಮಗೆ ಗೊತ್ತಾಗಲಿಲ್ಲ, ಒಪ್ಪಿದೆ. ಸ್ವರ ಹಳೆಯದೇ ಅಲ್ಲವೇ? "ಇನ್ನೊಂದ್ಸಲ ಹೇಳಿ ಮೇಡಂ, ಏನೂ ಕೇಳಿಸ್ತಿಲ್ಲ" ಎಂದು ಮೂರು ಸಲ ಹೇಳಿಸಿದಿರಿ. ಕೊನೆಗೆ, "ನೀವು ಐದು-ಒಂಬತ್ತು. ನನ್ನ ನಂಬರ್ ಐನೂರ ಹದಿಮೂರು. ಮುಂದಿನವರು?" ಐದು-ಒಂಬತ್ತು ಎಂದರೆ ಜೋರಾಗಿ, ಸ್ಪಷ್ಟವಾಗಿ ಕೇಳಿಸುತ್ತಿದೆ ಎಂದು. ಸ್ಪರ್ಧೆಯಲ್ಲಿ ಎಲ್ಲರೂ ಎಲ್ಲರಿಗೂ ಹೇಳುವ ಸುಳ್ಳು, ಗೊತ್ತು. ಇಪ್ಪತ್ತಾರು ವರ್ಷ ಊಟದ ಮೇಜಿನಲ್ಲೂ ನೀವು ನನಗೆ ಅದನ್ನೇ ಹೇಳುತ್ತಿದ್ದಿರಿ ಎಂಬುದು ಆವತ್ತು ಹೊಳೆಯಿತು.

ವಾಪಸು ಬಾ ಎಂದು ಬರೆದಿದ್ದೀರಿ. ಅದಕ್ಕೆ ಮುಂಚೆ ಒಂದು ಕೋರಿಕೆ. ಕಂಬ ಇಳಿಸಬೇಡಿ, ಅದು ನಿಮ್ಮ ಪ್ರಾಣ. ಅದರ ಬುಡದಲ್ಲಿ ಹನ್ನೆರಡು ಅಡಿ ಎತ್ತರಕ್ಕೆ ಒಂದು ತಂತಿ ಕಟ್ಟಿ. ಭಾನುವಾರ ಬೆಳಗ್ಗೆ ಎಂಟಕ್ಕೆ ಕರೆಯುತ್ತೇನೆ. ಅರ್ಧಂಬರ್ಧ ಕೇಳಿಸಿದರೆ ಅರ್ಧಂಬರ್ಧ ಅನ್ನಿ, ಸಾಕು.

ನಿಮ್ಮ
ಐನೂರ ಹದಿಮೂರನೆಯವಳು

ತಾ.ಕ.: ಸ್ಪರ್ಧೆಯಲ್ಲಿ ಅದು ತನ್ನ ಎಷ್ಟನೆಯ ಸಂಪರ್ಕವೋ ಆ ನಂಬರನ್ನೇ ಪ್ರತಿಯೊಬ್ಬರೂ ಹೇಳಬೇಕಲ್ಲ, ನಾನು ನಿಮಗೆ ಹೇಳಿದ ನಂಬರನ್ನು ನಿಮ್ಮ ದಾಖಲೆ ಪುಸ್ತಕದಲ್ಲಿ ನೋಡಿ. ಒಂದು. ಸುತ್ತಲಿನವರೆಲ್ಲ ದಿನವಿಡೀ ಸಲೀಸಾಗಿ ಕೇಳಿಸುತ್ತಿದ್ದರು. ಸಂಜೆ ಐದರವರೆಗೆ ನಾನು ಬೇರೆ ಯಾರನ್ನೂ ಕರೆಯಲಿಲ್ಲ.