ಗುಳಿ ಬಿದ್ದ ತುಂಡು

ಏನೂಂದ್ರೆ,

ನಮ್ಮ ಮಂಚದ ಮೇಲೆ ಈಗ ಹಾಸಿಗೆಯಿಲ್ಲ.

ಹಗಲು ನಾನು ನೋಡಿಕೊಳ್ಳುವ ಮಕ್ಕಳ ಪುಟ್ಟ ಹಾಸಿಗೆಗಳನ್ನು ಎಷ್ಟು ಒಣಹಾಕಿದರೂ ಉಚ್ಚೆ ವಾಸನೆ ಹೋಗುತ್ತಿರಲಿಲ್ಲ. "ಇದರ ಮೇಲೆ ಮಲಗಿಸೋದಾದ್ರೆ ನಾಳೆಯಿಂದ ಮಗೂನ ಕಳಿಸಲ್ಲ" ಎಂದು ಒಬ್ಬ ತಾಯಿ ಮುಖಕ್ಕೆ ಹೊಡೆದಂತೆ ಹೇಳಿದಳು. ನೀವು ಬಿಟ್ಟುಹೋದ ಮೇಲೆ ಆ ಮಕ್ಕಳಿಂದಲೇ ನನ್ನ ಒಲೆ ಉರಿಯುತ್ತಿರುವುದು. ಅದಕ್ಕೇ ನಮ್ಮ ಹಾಸಿಗೆಯನ್ನೇ ಕತ್ತರಿಸಿ, ತುಂಡುಗಳಿಗೆ ರೆಕ್ಸಿನ್ ಕವರ್ ಹೊಲಿದೆ.

ನೀವು ಮಲಗಿ ಗುಳಿ ಬಿದ್ದ ತುಂಡಿನ ಮೇಲೆ ಮಾತ್ರ ಯಾವ ಮಗುವೂ ಮಲಗುವುದಿಲ್ಲ. "ಆಂಟಿ, ಇಲ್ಲಿ ಯಾರೋ ಇದಾರೆ" ಅನ್ನುತ್ತವೆ.

ಖಾಲಿ ಮಂಚ ಬೇಕಿದ್ದರೆ ಯಾರನ್ನಾದರೂ ಕಳಿಸಿ ತರಿಸಿಕೊಳ್ಳಿ. ಆ ತುಂಡನ್ನು ಕೇಳಬೇಡಿ. ಮಕ್ಕಳು ಮನೆಗೆ ಹೋದಮೇಲೆ ನಾನು ಅದರ ಗುಳಿಯಲ್ಲಿ ಮುದುಡಿಕೊಳ್ಳುತ್ತೇನೆ. ಏಳಲು ಮನಸ್ಸೇ ಆಗುವುದಿಲ್ಲ.

ಇಂತಿ,
ಇನ್ನೂ ನಿಮ್ಮ ಮನೆಯವಳು