ಅರ್ಧ ಫಾರ್ಗೋ, ಅರ್ಧ ಡಾಡ್ಜ್

ಹೊಸಮನೆ, ಶಿವಮೊಗ್ಗ
೧೨–೨–೧೯೬೧, ಭಾನುವಾರ ಮಧ್ಯಾಹ್ನ

ತಿಪಟೂರಿನಲ್ಲಿ ಮುನಿದು ಕೂತಿರುವ ನನ್ನ ಅಮ್ಮನಿಗೆ, ಉಜ್ಜಿಯ ಶರಣು.

ಅಮ್ಮಾ, ಎರಡು ವರ್ಷದಿಂದ ನಿನಗೂ ಅಪ್ಪಾಜಿಗೂ ಹೇಳದೆ ಮುಚ್ಚಿಟ್ಟಿದ್ದ ಒಂದು ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಫಾರ್ಗೋ ಪಿಕಪ್ಪಿನ ಹೊಟ್ಟೆಯೊಳಗಿರುವ ಸಾಮಾನಿನಲ್ಲಿ ಅರ್ಧ ಬೀಗರ ಡಾಡ್ಜ್ ಗಾಡಿಯದು. ಹಾಕಿದವನು ನಾನೇ. ನೀನು ಹಣೆ ಚಚ್ಚಿಕೊಳ್ಳುವ ಮೊದಲು ಇನ್ನೊಂದು ಮಾತನ್ನೂ ಕೇಳಿಬಿಡು: ಜಗದಾಂಬಕ್ಕ ಮನೆಗೆ ಬಂದಿದ್ದಾಳೆ. ನಡುಮನೆಯಲ್ಲಿ ಗೋಡೆಗೆ ದಿಂಬು ಇಟ್ಟುಕೊಂಡು, ಕಾಲು ಚಾಚಿ, ಹುಣಸೆಹಣ್ಣು ಚೀಪುತ್ತಾ ಕೂತಿದ್ದಾಳೆ. ಒಂದು ಸಂಗತಿ ಇನ್ನೊಂದರಿಂದಲೇ ಆದದ್ದು. ಹೇಗೆ ಅನ್ನುವುದನ್ನು ಬರೆಯುವುದಕ್ಕೇ ಈ ಪತ್ರ.

ನಿನ್ನ ಮಂಡಿ ನೋವು ಹೇಗಿದೆ? ಕರ್ಪೂರ ಹಾಕಿದ ಕೊಬ್ಬರಿ ಎಣ್ಣೆಯನ್ನು ಕಾಸಿ ತಿಕ್ಕಿಸಿಕೊಳ್ಳುತ್ತಿದ್ದೀಯಾ? ಆ ಊರಲ್ಲಿ ಕೊಬ್ಬರಿಗೇನು ಕೊರತೆ. ಶಾಂತಮ್ಮ ಚಿಕ್ಕಮ್ಮ ನಿನ್ನನ್ನು ಒಲೆಯ ಮುಂದೆ ಕೂರಲು ಬಿಡುವುದಿಲ್ಲ ಅಂತ ನಂಬಿದ್ದೇನೆ. ಇಲ್ಲಿ ನಮ್ಮಿಬ್ಬರ ಊಟದ ಚಿಂತೆ ಮಾಡಬೇಡ. ಅಪ್ಪಾಜಿ ಉಪ್ಪಿಟ್ಟು ಮಾಡುವುದನ್ನು ಕಲಿತಿದ್ದಾರೆ. ಚೆನ್ನಾಗಿರುತ್ತದೆ ಅಂತ ಬರೆದರೆ ಸುಳ್ಳಾಗುತ್ತದೆ, ಆದ್ದರಿಂದ ಬರೆಯುವುದಿಲ್ಲ.

ಈ ಪತ್ರವನ್ನು ಚಿಕ್ಕಮ್ಮ ನಿನಗೆ ಓದಿ ಹೇಳುವಾಗ ನಡುನಡುವೆ ನಿಲ್ಲಿಸಿ 'ಯಾಕೆ, ಏನು' ಅಂತ ಕೇಳುತ್ತಾಳೆ, ನನಗೆ ಗೊತ್ತು. ಅವಳಿಗಾಗಿ ಸ್ವಲ್ಪ ಹಿಂದಿನಿಂದ ಶುರುಮಾಡುತ್ತೇನೆ. ಚಿಕ್ಕಮ್ಮಾ, ನಮ್ಮ ಬೀಗರು ಭದ್ರಾವತಿಯ ಜಂಬಣ್ಣನವರು ಅಕ್ಕನ ಮದುವೆಯ ಹೊತ್ತಿಗೆ ಕಾರ್ಖಾನೆಯ ವಸತಿಗಳಿಗೆ ಎತ್ತಿನ ಗಾಡಿಯಲ್ಲಿ ತರಕಾರಿ ಹಾಕುತ್ತಿದ್ದರು. ಮದುವೆಯಾಗಿ ವರ್ಷ ತುಂಬುವುದರೊಳಗೆ ತಾವೂ ಪಿಕಪ್ ಕೊಳ್ಳುವ ಮನಸ್ಸು ಮಾಡಿದರು. ನಮ್ಮ ಅಪ್ಪಾಜಿ ಅಷ್ಟರಲ್ಲಾಗಲೇ ದುರ್ಗಿಗುಡಿಯ ಅಂಗಡಿಗಳಿಗೆ ಫಾರ್ಗೋದಲ್ಲಿ ದಿನಸಿ ಹೊಡೆದು ಪಳಗಿದವರು. ಬೀಗರನ್ನು ತಾವೇ ಬೆಂಗಳೂರಿಗೆ ಕರೆದುಕೊಂಡು ಹೋದರು. ದಾರಿಯುದ್ದಕ್ಕೂ ರೈಲಿನಲ್ಲಿ ಫಾರ್ಗೋ ಪುರಾಣ ಹೇಳಿದರು. ಅಲ್ಲಿ ಜಂಬಣ್ಣನವರಿಗೆ ನೀಲಿ ಬಣ್ಣದ ಒಂದು ಡಾಡ್ಜ್ ಕಣ್ಣಿಗೆ ಬಿತ್ತು. ಬಣ್ಣ ಚೆನ್ನಾಗಿದೆ ಅಂತ ಅದನ್ನೇ ಕೊಂಡರು. ಎರಡೂ ಒಂದೇ ಕಾರ್ಖಾನೆಯಲ್ಲಿ ಆಗುವುದು, ಹೆಸರಿನ ಪಟ್ಟಿ ಮಾತ್ರ ಬೇರೆ ಅಂತ ಮಾರುವವನು ಹೇಳಿದನಂತೆ. ಇಬ್ಬರೂ ಕೇಳಿಸಿಕೊಳ್ಳಲಿಲ್ಲ. ಒಟ್ಟಿಗೆ ಹೋದವರು ಬೇರೆ ಬೇರೆಯಾಗಿ ಬಂದರು.

ಅವತ್ತಿನಿಂದ ಎರಡೂ ಊರಿನ ನಡುದಾರಿಯಲ್ಲಿರುವ ನಿದಿಗೆಯ ಕರಿಯಣ್ಣನ ಚಾ ಅಂಗಡಿಯಲ್ಲಿ ಎರಡು ಬೆಂಚು ಎರಡು ಪಕ್ಷವಾದವು. ಗೋಡೆಯ ಕಡೆಯದು ಫಾರ್ಗೋದವರಿಗೆ, ರಸ್ತೆಯ ಕಡೆಯದು ಡಾಡ್ಜ್‌ನವರಿಗೆ. ಗಾಡಿ ದಾರಿಯಲ್ಲಿ ನಿಂತರೂ ಒಬ್ಬರು ಎಸೆದ ಹಗ್ಗವನ್ನು ಇನ್ನೊಬ್ಬರು ಹಿಡಿಯುವುದಿಲ್ಲ. ಅಪ್ಪಾಜಿ ಒಮ್ಮೆ ಮಾಚೇನಹಳ್ಳಿಯ ಹತ್ತಿರ ಟ್ಯಾಂಕಿನಲ್ಲಿ ಪೆಟ್ರೋಲ್ ಮುಗಿದು ಇಡೀ ದಿನ ಬಿಸಿಲಿನಲ್ಲಿ ಕೂತಿದ್ದರು. ಜಂಬಣ್ಣನವರು ಅದೇ ದಾರಿಯಲ್ಲಿ ಹೋಗುತ್ತಾ ಗಾಡಿ ನಿಧಾನಿಸಿ, "ಏನ್ ಬೀಗ್ರೇ, ಫಾರ್ಗೋ ನೆರಳು ತಂಪಾಗಿದ್ಯಾ?" ಅಂತ ಕೇಳಿದ್ದರು. "ನಿಮ್ಮ ಹಾರ್ನ್ ಕೇಳಿ ಎಮ್ಮೆ ಕರೀತು ಅಂದ್ಕೊಂಡೆ, ಹೋಗಿ ಹೋಗಿ" ಅಂದಿದ್ದರು ಅಪ್ಪಾಜಿ. ನಗುವಂಥದ್ದೇ, ಅಕ್ಕ ಬಸಿರಾಗುವವರೆಗೆ.

ಹೋದ ಸಲದ ಬಸಿರಿನಲ್ಲಿ ಅವಳಿಗೆ ಏನಾಯಿತು ಅನ್ನುವುದನ್ನು ನಾನು ಇಲ್ಲಿ ಬರೆಯುವುದಿಲ್ಲ. ನಿನಗೆ ಗೊತ್ತು. ಈ ಸಲ ಏಳನೆಯ ತಿಂಗಳಿಗೆ ಸರಿಯಾಗಿ ಅವಳನ್ನು ತೌರಿಗೆ ಕರೆತರಬೇಕು ಅಂತ ನೀನು ಹಗಲಿರುಳು ಹಂಬಲಿಸಿದ್ದೆ. ಆದರೆ ಯಾವ ಗಾಡಿಯಲ್ಲಿ? ನಮ್ಮ ಸೊಸೆಯನ್ನು ಡಾಡ್ಜ್‌ನಲ್ಲೇ ಕಳಿಸುತ್ತೇವೆ ಅಂತ ಅವರು. ನನ್ನ ಮಗಳು ಫಾರ್ಗೋದಲ್ಲೇ ಬರಬೇಕು ಅಂತ ಇವರು. ಬಸ್ಸಿನಲ್ಲೋ ರೈಲಿನಲ್ಲೋ ಬರಲಿ ಅಂತ ನಾನು ಬಾಯಿಬಿಟ್ಟದ್ದಕ್ಕೆ, "ಎರಡು ಗಾಡಿ ಇರೋ ಮನೆ ಹೆಣ್ಣು ಟಿಕೆಟ್ ತಗೊಂಡು ಬರ್ಬೇಕಾ?" ಅಂತ ಎರಡೂ ಕಡೆಯಿಂದ ಬೈಸಿಕೊಂಡೆ. ಅದೊಂದೇ ವಿಷಯದಲ್ಲಿ ಬೀಗರಿಬ್ಬರಿಗೂ ಒಮ್ಮತವಿತ್ತು. ಹಾಗೇ ಏಳು ಕಳೆಯಿತು. ಎಂಟರಲ್ಲಿ ಬಸಿರಿ ಹೆಂಗಸನ್ನು ಮನೆಯಿಂದ ಹೊರಡಿಸುವ ಹಾಗಿಲ್ಲ. ಎಂಟು ಹಿಡಿದ ದಿನವೇ ನೀನು ಟ್ರಂಕು ತುಂಬಿಕೊಂಡೆ. "ಮಗಳು ಈ ಹೊಸ್ತಿಲು ದಾಟಿ ಒಳಗೆ ಬರೋ ತನಕ ನನ್ನ ಕಾಲು ಇಲ್ಲಿಗೆ ಬರೋದಿಲ್ಲ. ನಿಮ್ಮ ಫಾರ್ಗೋನೇ ನಿಮಗೆ ಅನ್ನ ಬೇಯಿಸಿ ಹಾಕ್ಲಿ" ಅಂತ ನೀನು ಹೇಳಿದಾಗ ಅಪ್ಪಾಜಿ ಗಾಡಿ ಒರೆಸಲು ಹೋದರು. ಒರೆಸಿದ ಕಡೆಯೇ ಎಷ್ಟೋ ಹೊತ್ತು ಒರೆಸುತ್ತಿದ್ದರು. ನೀನು ಅದನ್ನು ನೋಡಲಿಲ್ಲ, ನಾನು ನೋಡಿದೆ.

ಇನ್ನು ನನ್ನ ಗುಟ್ಟು. ಈಗ ಬಿಡಿಭಾಗ ಸಿಗುವುದು ಎಷ್ಟು ಕಷ್ಟ ಅಂತ ನಿನಗೆ ಗೊತ್ತಿಲ್ಲ. ಹೊರದೇಶದಿಂದ ಬರುವುದು ನಿಂತಿದೆ, ಇಲ್ಲಿ ಆಗುವುದು ಸಾಲದು. ಸಿಕ್ಕಾಗ ಸಿಕ್ಕಿದ್ದನ್ನು ಕೊಂಡು ಎಲ್ಲರೂ ಪೆಟ್ಟಿಗೆಯಲ್ಲಿಡುತ್ತಾರೆ. ಅಪ್ಪಾಜಿಯ ಮಂಚದ ಕೆಳಗಿನ ಪೆಟ್ಟಿಗೆಯಲ್ಲಿ ಪೆಟ್ರೋಲ್ ಎಳೆಯುವ ಪಂಪು ಎರಡಿದ್ದವು, ಕ್ಲಚ್ ಪ್ಲೇಟು ಒಂದೂ ಇರಲಿಲ್ಲ. ಜಂಬಣ್ಣನವರ ಹತ್ತಿರ ಕ್ಲಚ್ ಪ್ಲೇಟು ಇತ್ತು, ಪಂಪು ಇರಲಿಲ್ಲ. ನಮ್ಮ ಕ್ಲಚ್ ಸವೆದು ಗಾಡಿ ಶೆಡ್ಡಿನಲ್ಲಿ ನಿಂತಾಗ, ಫಾರ್ಗೋದ್ದೇ ಬರಲಿ ಅಂತ ಅಪ್ಪಾಜಿ ಮದ್ರಾಸಿಗೆ ಕಾಗದ ಬರೆದು ಕಾಯುತ್ತಾ ಕೂತರು. ನನಗೆ ಕೂತಿರಲು ಬರುವುದಿಲ್ಲ, ಇಸ್ಕೂಲು ಬಿಟ್ಟದ್ದೂ ಅದಕ್ಕೇ. ಜಂಬಣ್ಣನವರ ಡ್ರೈವರ್ ಹುಲಿಯಪ್ಪನನ್ನು ಕರಿಯಣ್ಣನ ಅಂಗಡಿಯ ಹಿಂದೆ ಕಂಡು ಮಾತಾಡಿದೆ. ಅವನು ಪ್ಲೇಟು ತಂದ, ನಾನು ಪಂಪು ಕೊಟ್ಟೆ. ಅದೂ ಕೂತಿತು, ಇದೂ ಕೂತಿತು. ಒಂದು ಕೂದಲೆಳೆಯ ವ್ಯತ್ಯಾಸವಿಲ್ಲ. ಆಮೇಲೆ ಕಾರ್ಬ್ಯುರೇಟರ್, ಡೈನಮೋ ಎಲ್ಲ ಹೀಗೇ ಅದಲುಬದಲಾದವು. ಮದ್ರಾಸಿನಿಂದ ಬಂದದ್ದಾ ಅಂತ ಅಪ್ಪಾಜಿ ಕೇಳಿದ್ದರೆ ಅಲ್ಲ ಅಂತ ಹೇಳಿಬಿಡುತ್ತಿದ್ದೆ. ಅವರು ಕೇಳಲಿಲ್ಲ. ಕೇಳದಿರಲಿ ಅಂತ ನಾನು ಬೇಡಿಕೊಳ್ಳುತ್ತಿದ್ದದ್ದೂ ನಿಜ.

ಮೊನ್ನೆ ಗುರುವಾರ ದಿನ ಚೆನ್ನಾಗಿದೆ ಅಂತ ಅಪ್ಪಾಜಿ, ನಾನು ಫಾರ್ಗೋದಲ್ಲಿ ಭದ್ರಾವತಿಗೆ ಹೋದೆವು. ಒಂಬತ್ತು ನಡೆಯುತ್ತಿತ್ತು, ಇನ್ನು ಮುಂದೆ ಹಾಕುವ ಹಾಗಿರಲಿಲ್ಲ. ಹೋಗಿ ನೋಡಿದರೆ ಬೀಗರ ಬಾಗಿಲಲ್ಲಿ ನೀಲಿ ಡಾಡ್ಜ್ ಹೂವಿನ ಹಾರ ಹಾಕಿಕೊಂಡು ನಿಂತಿದೆ. ಅಪ್ಪಾಜಿ ನಮ್ಮದನ್ನು ಅದರ ಮೂಗಿಗೆ ಮೂಗು ತಾಗುವ ಹಾಗೆ ನಿಲ್ಲಿಸಲು ಹೇಳಿದರು. ಕಾಫಿ ಆಯಿತು, ಕ್ಷೇಮಸಮಾಚಾರ ಆಯಿತು. ಆಮೇಲೆ ಜಂಬಣ್ಣನವರು ನಿಧಾನವಾಗಿ, "ಸೊಸೆ ನಮ್ಮ ಗಾಡೀಲಿ ಬರ್ತಾಳೆ ಬೀಗ್ರೇ, ನೀವು ಮುಂದೆ ಹೋಗ್ತಿರಿ" ಅಂದರು. "ಆ ಗಾಡಿ ನನ್ನ ಬಾಗಿಲಿಗೆ ಬಂದ್ರೆ ಒಳಗಿಂದ ಅಗುಳಿ ಹಾಕ್ಕೋತೀನಿ" ಅಂದರು ಅಪ್ಪಾಜಿ. ಶುರುವಾಯಿತು. ಮಧ್ಯಾಹ್ನದ ಪಾಳಿಗೆ ಹೊರಟಿದ್ದವರೆಲ್ಲ ಸೈಕಲ್ ನಿಲ್ಲಿಸಿಕೊಂಡು ನೋಡತೊಡಗಿದರು. ನಮ್ಮ ಭಾವ ಅವತ್ತೇ ಬೆಳಗಿನ ಪಾಳಿ ಹಾಕಿಸಿಕೊಂಡು ಹೋಗಿದ್ದರು, ಜಾಣರು. ಒಂದೂವರೆಗೆ ರಾಹುಕಾಲ. ಒಳಗಿನಿಂದ ಅಕ್ಕನ ಅತ್ತೆ ಮಹಾಂತಮ್ಮನವರು, "ಒಂದು ಹೊಡೀತು, ಇಬ್ರಿಗೂ ಬುದ್ಧಿ ಯಾವಾಗ ಬರುತ್ತೆ?" ಅಂತ ಕೂಗುತ್ತಿದ್ದರು. ಜಂಬಣ್ಣನವರು ಇದ್ದಕ್ಕಿದ್ದ ಹಾಗೆ ದನಿ ಇಳಿಸಿ, "ಹೋದ್ ಸಲದ ಹಾಗೆ ಆದ್ರೆ ನಾನು ಯಾರಿಗೆ ಮುಖ ತೋರಿಸ್ಲಿ? ನಂಗೆ ನನ್ನ ಗಾಡಿ ಮೇಲೆ ನಂಬಿಕೆ ಸ್ವಾಮಿ" ಅಂದರು. "ನಂಗೂ ಅದೇ ಭಯ ಕಣ್ರೀ! ಅದಕ್ಕೇ ನನ್ನ ಗಾಡಿ ಅಂತಿರೋದು" ಅಂದರು ಅಪ್ಪಾಜಿ. ಅದುವರೆಗೂ ಅದು ಬರೀ ಜಂಬದ ಜಗಳ ಅಂತಲೇ ನಾನು ತಿಳಿದಿದ್ದೆ.

ಅಕ್ಕ ಬಾಗಿಲಿನ ಚೌಕಟ್ಟು ಹಿಡಿದು ನಿಂತಿದ್ದಳು. ಪಾದ ಬಾತಿತ್ತು. ಅಳುತ್ತಿರಲಿಲ್ಲ, ಸುಮ್ಮನೆ ಇಬ್ಬರ ಮುಖವನ್ನೂ ಒಂದಾದ ಮೇಲೊಂದು ನೋಡುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. ಹೋಗಿ ಎರಡೂ ಗಾಡಿಗಳ ಬಾನೆಟ್ ಎತ್ತಿದೆ. "ಅಪ್ಪಾಜಿ, ನಮ್ಮದರಲ್ಲಿ ಇರೋದು ಮಾವನವರ ಕ್ಲಚ್ಚು, ಮಾವನವರ ಕಾರ್ಬ್ಯುರೇಟರ್ರು. ಎರಡು ವರ್ಷ ಆಯ್ತು" ಅಂದೆ. ಜಂಬಣ್ಣನವರು ತೊಡೆ ತಟ್ಟಿಕೊಂಡು ನಗಲು ಶುರುಮಾಡಿದರು. "ಮಾವಾ, ನಿಮ್ಮ ಪಂಪು, ಡೈನಮೋ ನಮ್ಮದು" ಅಂದೆ. ನಗು ಅರ್ಧಕ್ಕೇ ನಿಂತಿತು. ಅಪ್ಪಾಜಿ ಡಾಡ್ಜ್‌ನೊಳಗೆ ಬಗ್ಗಿ ನೋಡಿದರು. ತಮ್ಮ ಪ್ರತಿ ಸಾಮಾನಿನ ಮೇಲೂ ಅವರು ಮೊಳೆಯಲ್ಲಿ ಗೀರುವ, ತಮ್ಮ ಹೆಸರಿನ ಮೊದಲ ಅಕ್ಷರ 'ಏ' ಆ ಪಂಪಿನ ಮೇಲಿತ್ತು. ಬೆರಳಿನಿಂದ ಎಣ್ಣೆ ಒರೆಸಿ ಮತ್ತೆ ನೋಡಿದರು. ತಿರುಗಿ ನನ್ನ ಮೇಲೆ ಕೈ ಎತ್ತಿದರು. ನಾನು ಜರುಗಲಿಲ್ಲ. ಆ ಕಡೆ ಜಂಬಣ್ಣನವರು ಹುಲಿಯಪ್ಪನ ಕಡೆ ತಿರುಗಿ, "ಲೋ ಮಾರಾಯ, ನಂಗೇ ಗೊತ್ತಿಲ್ದೆ ನನ್ನ ಗಾಡಿ ಹೊಟ್ಟೆ ಕುಯ್ದಿದೀಯಲ್ಲೋ!" ಅಂದರು. ಹುಲಿಯಪ್ಪ ತಲೆ ಕೆರೆದುಕೊಂಡು, "ಓಡ್ತಾ ಇದ್ಯಲ್ಲ ಸ್ವಾಮಿ, ನಿಲ್ಲಿಸ್ಲಾ?" ಅಂದ. ಸೈಕಲ್ಲಿನವರೆಲ್ಲ ಗೊಳ್ಳೆಂದರು.

ಆಗ ಅಕ್ಕ ಮೆಟ್ಟಿಲು ಇಳಿದಳು. "ಎರಡೂ ಅರ್ಧರ್ಧ ಅಂದ್ಮೇಲೆ ನಂಗೆ ಯಾವುದಾದ್ರೇನು? ಕಾಲು ನೋಯ್ತಿದೆ" ಅಂದವಳೇ ಹತ್ತಿರವಿದ್ದ ಗಾಡಿಗೆ ಹತ್ತಿದಳು. ಹತ್ತಿರವಿದ್ದದ್ದು ಡಾಡ್ಜ್. ಮಹಾಂತಮ್ಮನವರು ಬುತ್ತಿ ಹಿಡಿದು ಅವಳ ಪಕ್ಕಕ್ಕೆ ಹತ್ತಿದರು. ಹುಲಿಯಪ್ಪ ಸ್ಟೀರಿಂಗ್ ಹಿಡಿದ. ಅಲ್ಲಿಗೆ ಅದರ ಮುಂದಿನ ಸೀಟು ತುಂಬಿತು. ಸೊಸೆಯನ್ನು ಮನೆ ಮುಟ್ಟಿಸದೆ ಉಳಿಯಲಾರೆ ಅಂತ ಜಂಬಣ್ಣನವರು. ಅವರಿಗೆ ಉಳಿದ ಜಾಗ ನಮ್ಮ ಫಾರ್ಗೋ ಒಂದೇ. ಸ್ಟೀರಿಂಗ್ ಹಿಡಿದು ಅಪ್ಪಾಜಿ, ನಡುವೆ ನಾನು, ಆ ಕಡೆ ಅವರು, ಮೂವರೂ ಹೆಗಲಿಗೆ ಹೆಗಲು ಒತ್ತಿಕೊಂಡು ಕೂತೆವು. ರಾಹುಕಾಲಕ್ಕೆ ಮುಂಚೆ ಊರು ಬಿಟ್ಟೆವು.

ಆ ದಾರಿಯನ್ನು ನೀನು ನೋಡಬೇಕಿತ್ತು. ಹಿರಿಯರಿಬ್ಬರೂ ಮುಂದೆ ಬಗ್ಗಿ, ಮುಂದಿನ ಗಾಡಿಯ ಮೇಲೆ ಕಣ್ಣು ನೆಟ್ಟು, ಕೇಳಿಸದಿದ್ದರೂ ಹುಲಿಯಪ್ಪನಿಗೆ ಕೂಗುತ್ತಿದ್ದರು. "ನಿಧಾನ ಕಣೋ!" ಅಂತ ಒಬ್ಬರು. "ಎಡಕ್ಕೆ ಗುಂಡಿ, ಎಡಕ್ಕೆ!" ಅಂತ ಇನ್ನೊಬ್ಬರು. ಡಾಡ್ಜ್ ಒಮ್ಮೆ ಸ್ವಲ್ಪ ಕುಲುಕಿದಾಗ ಇಬ್ಬರೂ ಒಟ್ಟಿಗೇ ನನ್ನ ತೊಡೆ ಹಿಸುಕಿದರು. ಇನ್ನೂ ನೀಲಿಗಟ್ಟಿದೆ. ನಿದಿಗೆಯಲ್ಲಿ ಅಕ್ಕನಿಗೆ ನೀರು ಬೇಕೆಂದು ನಿಲ್ಲಿಸಿದರೆ ಎರಡೂ ಬೆಂಚಿನವರು ಎದ್ದು ನಿಂತರು. ಕರಿಯಣ್ಣ ಸೌಟು ಹಿಡಿದುಕೊಂಡೇ ಓಡಿಬಂದು, "ಏನ್ ಜಂಬಣ್ಣೋರೇ, ಪಕ್ಷ ಬದಲಾಯಿಸಿದ್ರಾ?" ಅಂದ. "ಸುಮ್ನಿರೋ ಮಾರಾಯ, ಇದ್ರಲ್ಲಿ ಅರ್ಧ ನಂದೇ" ಅಂದರು ಬೀಗರು. ಅಪ್ಪಾಜಿ ಮುಖ ಆ ಕಡೆ ತಿರುಗಿಸಿಕೊಂಡರು. ನಗು ಬಂದಿತ್ತೋ ಸಿಟ್ಟೋ ನನಗೆ ಕಾಣಲಿಲ್ಲ, ಆದ್ದರಿಂದ ಹೇಳಲಾರೆ. ಮನೆಗೆ ಬಂದಾಗ ಮಾತ್ರ ಮೊದಲು ಇಳಿದವರು ಅವರೇ. ಗೇಟು ತೆಗೆದು, ಡಾಡ್ಜ್ ಹಿಂದೆ ಮುಂದೆ ಆಗದೆ ಜಗಲಿಯ ಹತ್ತಿರಕ್ಕೇ ಬರುವ ಹಾಗೆ ಕೈ ತೋರಿಸಿದರು.

ನಿನ್ನೆ ಲೇಡಿ ಡಾಕ್ಟರು ಬಂದು ನೋಡಿದರು. ಮಗು ಚೆನ್ನಾಗಿದೆ, ತಲೆ ಕೆಳಗೆ ಬಂದಿದೆ, ಈ ವಾರವೋ ಮುಂದಿನ ವಾರವೋ ಅಂದರು. ಆ ಮಾತು ಕೇಳಿದ ಮೇಲೆ ಜಂಬಣ್ಣನವರು ಭದ್ರಾವತಿಗೆ ಹೋದರು. ನೀನು ಬರುವ ತನಕ ಇರುತ್ತೇನೆ ಅಂತ ಮಹಾಂತಮ್ಮನವರು ಇಲ್ಲೇ ಉಳಿದಿದ್ದಾರೆ. ಉಪ್ಪಿಟ್ಟು ನಿಂತಿದೆ. ನನಗಂತೂ ಬೆನ್ನ ಮೇಲಿನ ಮೂಟೆ ಇಳಿಸಿದ ಹಾಗಾಗಿದೆ. ಅಪ್ಪಾಜಿ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಏನಿದ್ದರೂ "ನಿನ್ನ ತಮ್ಮನಿಗೆ ಹೇಳು" ಅಂತ ಅಕ್ಕನ ಮೂಲಕ. ಅದಕ್ಕೆ ನನಗೆ ಬೇಸರವಿಲ್ಲ, ನನಗೆ ಸಿಗಬೇಕಾದ್ದೇ. ಬೆಳಿಗ್ಗೆ ಗೋಡೆಯ ಕಡೆ ನೋಡುತ್ತಾ, "ಪಂಪು ಎರಡಕ್ಕೂ ಒಂದೇ ಇರಬಹುದು. ಫಾರ್ಗೋ ಫಾರ್ಗೋನೇ" ಅಂದರು.

ನಿನ್ನ ಮಾತು ನೆರವೇರಿದೆ ಅಮ್ಮಾ, ಮಗಳು ಹೊಸ್ತಿಲು ದಾಟಿದ್ದಾಳೆ. ಇನ್ನು ಮುನಿಸು ಸಾಕು, ನಾಳೆ ನಿನ್ನನ್ನು ಕರೆತರಲು ನಾನೇ ಬರುತ್ತೇನೆ. ಅಮ್ಮ ಬರುವವರೆಗೂ ಹೆರುವುದಿಲ್ಲ ಅಂತ ಅಕ್ಕ ಹೇಳಿಕೊಂಡು ತಿರುಗುತ್ತಿದ್ದಾಳೆ, ಅವಳ ಕೈಲಿ ಇರುವ ಹಾಗೆ. ರೈಲ್ವೆಯ ರಾಮಯ್ಯನವರು ಇವತ್ತಿನ ರಾತ್ರಿ ಗಾಡಿಗೆ ಆ ಕಡೆ ಹೋಗುತ್ತಾರೆ, ಈ ಪತ್ರವನ್ನು ಅವರೇ ಮನೆಗೆ ಮುಟ್ಟಿಸುತ್ತಾರೆ. ಅವರಿಗೆ ಒಂದು ಲೋಟ ಕಾಫಿ ಕೊಡಿಸು. ಚಿಕ್ಕಮ್ಮನಿಗೆ, ಮಕ್ಕಳಿಗೆ ನನ್ನ ಶರಣು. ಓದಿ ಓದಿ ಅವಳ ಗಂಟಲು ಒಣಗಿದ್ದರೆ ತಪ್ಪು ನನ್ನದು.

ನಿನ್ನ ಮಗ,
ಉಜ್ಜನಪ್ಪ

ಮರೆತ ಮಾತು: ಲಕೋಟೆಗೆ ಅಂಟು ಹಚ್ಚುತ್ತಿದ್ದಾಗ ಅಪ್ಪಾಜಿ ಬಂದು ನಿಂತರು. "ಯಾರಿಗೆ?" ಅಂತ ನೇರವಾಗಿ ನನ್ನನ್ನೇ ಕೇಳಿದರು. ಅಮ್ಮನಿಗೆ ಅಂದೆ. "ಕರ್ಕೊಂಡು ಬರೋದಕ್ಕೆ ನಾನೂ ಬರ್ತಿದೀನಿ ಅಂತ ಬರಿ. ಏಳನೇ ತಿಂಗಳಲ್ಲೇ ಅವಳ ಮಾತು ಕೇಳ್ಬೇಕಾಗಿತ್ತು ಅಂದೆ ಅಂತಾನೂ ಬರಿ" ಅಂದರು. ಅವರು ಹೇಳಿದಂತೆಯೇ ಬರೆದಿದ್ದೇನೆ, ಒಂದಕ್ಷರ ಸೇರಿಸಿಲ್ಲ. ನಾಳೆ ಬೆಳಗಿನ ಜಾವ ಇಬ್ಬರೂ ಹೊರಡುತ್ತೇವೆ.